ಎಂಜಿನ್ ಚೆನ್ನಾಗಿ ಓಡುತ್ತದೆ, ಬ್ಯಾಟರಿ ಮಾತ್ರ ಡೌನ್: ಔಟ್‌ಬೋರ್ಡ್ ಮೋಟಾರಿನ ಚಾರ್ಜಿಂಗ್ ದೋಷ ಹುಡುಕುವ ಬಗೆ

ಕೊಡಗಿನಲ್ಲಿ ಜೀಪು ರಿಪೇರಿ ಬಲ್ಲವರು ಊರಿಗೆ ಹತ್ತು ಜನ ಸಿಗುತ್ತಾರೆ. ಬೋಟಿನ ಹಿಂಬದಿಗೆ ಹೊರಗಡೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಬಲ್ಲವರು ಕಡಿಮೆ. ದುಬಾರೆಯಲ್ಲಿ ಕಾವೇರಿ ದಾಟಿಸುವ ಮೋಟಾರ್ ಬೋಟ್ ಇರಲಿ, ತೋಟದ ದೊಡ್ಡ ಕೆರೆಯಲ್ಲಿ ಇಟ್ಟುಕೊಂಡ ಸಣ್ಣ ಫೈಬರ್ ದೋಣಿ ಇರಲಿ, ಪ್ರವಾಹಕ್ಕೆ ಬೇಕಾದೀತೆಂದು ಶೆಡ್ಡಿನಲ್ಲಿಟ್ಟ ರಬ್ಬರ್ ಬೋಟ್ ಇರಲಿ, ಅದರ ಕರೆಂಟಿನ ಕೆಲಸ ಕೊನೆಗೆ ಬಂದು ಬೀಳುವುದು ಜೀಪಿನ ಎಲೆಕ್ಟ್ರಿಷಿಯನ್ ಕೈಗೇ. ಅವರ ಕೈಚಳಕಕ್ಕೇನೂ ಕೊರತೆಯಿಲ್ಲ. ಆದರೆ ಜೀಪಿನ ಲೆಕ್ಕವನ್ನು ಬೋಟಿಗೆ ಹಾಕಿದರೆ ಸರಿಯಿರುವ ಪಾರ್ಟ್ ಹೊರಗೆ ಬರುತ್ತದೆ, ಕೆಟ್ಟದ್ದು ಒಳಗೇ ಉಳಿಯುತ್ತದೆ.

ದೂರು ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಎಂಜಿನ್ ಚೆನ್ನಾಗಿ ಓಡುತ್ತದೆ. ರಾತ್ರಿ ಮನೆಯಲ್ಲಿ ಚಾರ್ಜ್‌ಗೆ ಹಾಕಿದ ಬ್ಯಾಟರಿ ಬೆಳಿಗ್ಗೆ ಸರಿಯಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಸೆಲ್ಫ್ ತಗೊಳ್ಳುವುದಿಲ್ಲ, ಹಗ್ಗ ಎಳೆಯಬೇಕು. ತಕ್ಷಣ ಎಲ್ಲರ ಬಾಯಲ್ಲೂ ಬರುವ ಮಾತು, ಕಾಯಿಲ್ (ಕರೆಂಟ್ ಹುಟ್ಟಿಸುವ ತಂತಿಯ ಸುರುಳಿ) ಹೋಗಿದೆ. ಕಾಯಿಲ್ ಹೋಗುವುದು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಹುಡುಕಾಟದ ಕೊನೆಯಲ್ಲಿ ಬರಬೇಕಾದ ಹೆಸರು. ಕಾಯಿಲ್ ಇರುವುದು ಎಂಜಿನ್ ಮೇಲೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ ಕೆಳಗೆ. ಅದನ್ನು ಬಿಚ್ಚಲು ಪುಲ್ಲರ್ ಅನ್ನುವ ಎಳೆದು ತೆಗೆಯುವ ಸಾಧನ ಬೇಕು, ಸಮಯ ಬೇಕು, ಪಾರ್ಟ್‌ಗೆ ದುಡ್ಡು ಬೇಕು. ಬ್ಯಾಟರಿ ಟರ್ಮಿನಲ್ ಒರೆಸಲು ಹಳೆಯ ಬ್ರಶ್ ಸಾಕು. ಹಾಗಾಗಿ ಹುಡುಕಾಟ ಬ್ಯಾಟರಿಯಿಂದ ಶುರುವಾಗಿ ಫ್ಲೈವೀಲ್ ಕಡೆಗೆ ಹೋಗಬೇಕು.

ಜೀಪಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಮೊದಲು ನೋಡೋಣ. ಜೀಪಿನ ಆಲ್ಟರ್ನೇಟರ್ ಒಳಗೆ ತಿರುಗುವುದು ಕಾಯಂ ಮ್ಯಾಗ್ನೆಟ್ ಅಲ್ಲ, ಅದೂ ಒಂದು ಕಾಯಿಲ್. ಆ ಕಾಯಿಲ್‌ಗೆ ಕೊಡುವ ಕರೆಂಟನ್ನು ರೆಗ್ಯುಲೇಟರ್ ಏರಿಸಿ ಇಳಿಸಿ ವೋಲ್ಟೇಜನ್ನು ಹಿಡಿದಿಡುತ್ತದೆ. ಅದಕ್ಕೇ ಗಾಡಿ ಸ್ಲೋನಲ್ಲಿ ನಿಂತಿದ್ದರೂ ಬ್ಯಾಟರಿಯಲ್ಲಿ 14 ವೋಲ್ಟ್ ಹತ್ತಿರ ಕಾಣುತ್ತದೆ. ಸಣ್ಣ ಔಟ್‌ಬೋರ್ಡ್‌ನಲ್ಲಿ ಇರುವುದು ಬೈಕಿನ ಏರ್ಪಾಡು. ಫ್ಲೈವೀಲಿನ ಒಳಸುತ್ತಿನಲ್ಲಿ ಕಾಯಂ ಮ್ಯಾಗ್ನೆಟ್‌ಗಳು. ಅದರ ಕೆಳಗೆ ಅಲುಗಾಡದೆ ಕೂತ ಕಾಯಿಲ್. ಫ್ಲೈವೀಲ್ ಜೋರಾಗಿ ತಿರುಗಿದಷ್ಟೂ ಜಾಸ್ತಿ ಹುಟ್ಟುತ್ತದೆ, ನಿಧಾನವಾದರೆ ಕಡಿಮೆ. ಹುಟ್ಟುವುದು ಎಸಿ. ಅದನ್ನು ಡಿಸಿ ಮಾಡುವುದು ರೆಕ್ಟಿಫೈಯರ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡುಗಳ ಒಂದು ಡಬ್ಬಿ. ಹೊಸ ಎಂಜಿನ್‌ಗಳಲ್ಲಿ ಅದರ ಜೊತೆಗೇ ರೆಗ್ಯುಲೇಟರ್ ಸೇರಿರುತ್ತದೆ. ಬೈಕ್ ಮೆಕ್ಯಾನಿಕ್‌ಗಳು ಆರ್‌ಆರ್ ಯುನಿಟ್ ಅನ್ನುವುದು ಇದನ್ನೇ. ಅಲ್ಲಿಂದ ಒಂದು ಫ್ಯೂಸ್, ಒಂದು ಕೆಂಪು ವೈರ್, ಬ್ಯಾಟರಿ. ಇಷ್ಟೇ ಸರ್ಕ್ಯೂಟ್.

ಇಲ್ಲಿ ಒಂದು ವಿಷಯ ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಬೇರೆ, ಬ್ಯಾಟರಿ ತುಂಬುವ ಕಾಯಿಲ್ ಬೇರೆ. ಸಣ್ಣ ಎಂಜಿನ್‌ಗಳಲ್ಲಿ ಹೆಚ್ಚಿನವು ಬ್ಯಾಟರಿ ಇಲ್ಲದೆಯೂ ಹಗ್ಗ ಎಳೆದರೆ ಓಡುತ್ತವೆ. ಆದ್ದರಿಂದ ಎಂಜಿನ್ ಚೆನ್ನಾಗಿ ಓಡುತ್ತದೆ ಅನ್ನುವುದು ಚಾರ್ಜಿಂಗ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ಸತ್ತು ಇನ್ನೊಂದು ಬದುಕಿರಬಹುದು.

ಇನ್ನು ಮೀಟರ್ ಹಿಡಿಯುವ ಮೊದಲು ಒಂದು ಚೀಟಿಯಲ್ಲಿ ಲೆಕ್ಕ ಹಾಕಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅರ್ಧ ದೂರುಗಳು ಇಲ್ಲೇ ಮುಗಿಯುತ್ತವೆ. ಸಣ್ಣ ಔಟ್‌ಬೋರ್ಡ್‌ನ ಚಾರ್ಜಿಂಗ್ ಸಾಮರ್ಥ್ಯ ಸಾಮಾನ್ಯವಾಗಿ 6ರಿಂದ 12 ಆಂಪಿಯರ್. ಅದೂ ಥ್ರಾಟಲ್ ಚೆನ್ನಾಗಿ ಏರಿಸಿದಾಗ. ಸ್ಲೋನಲ್ಲಿ 1 ಅಥವಾ 2 ಆಂಪಿಯರ್ ಬಂದರೆ ದೊಡ್ಡದು. ಸ್ಟಾರ್ಟರ್ ಮೋಟಾರ್ 100 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. 3 ಸೆಕೆಂಡ್ ಸೆಲ್ಫ್ ಹೊಡೆದರೆ ಬ್ಯಾಟರಿಯಿಂದ ಹೋಗುವುದು 0.08 ಆಂಪಿಯರ್ ಅವರ್ (1 ಆಂಪಿಯರ್ ಒಂದು ಗಂಟೆ ಹರಿದರೆ 1 ಆಂಪಿಯರ್ ಅವರ್). 2 ಆಂಪಿಯರ್‌ನಲ್ಲಿ ಅದನ್ನು ವಾಪಸ್ ತುಂಬಲು ಎರಡೂವರೆ ನಿಮಿಷ. ಹಾಕಿದ್ದೆಲ್ಲ ಬ್ಯಾಟರಿಯಲ್ಲಿ ನಿಲ್ಲುವುದಿಲ್ಲ, ಹಾಗಾಗಿ 3 ನಿಮಿಷ ಇಟ್ಟುಕೊಳ್ಳಿ.

ಹೊಳೆ ದಾಟುವ ಬೋಟಿನ ದಿನಚರಿ ನೋಡಿ. ಈ ದಡದಿಂದ ಆ ದಡಕ್ಕೆ ಕೆಲವೇ ನಿಮಿಷ. ಕಲ್ಲುಗಳ ಮಧ್ಯೆ ನಿಧಾನಕ್ಕೆ ಹೋಗಬೇಕು. ಅಲ್ಲಿ ಎಂಜಿನ್ ಆಫ್, ಜನ ಇಳಿದು ಹತ್ತಿದ ಮೇಲೆ ಮತ್ತೆ ಸೆಲ್ಫ್. ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಲೆಕ್ಕ ಹೇಗೋ ಸಮ ಆಗುತ್ತದೆ. ಕಾರ್ಬುರೇಟರ್ ಸ್ವಲ್ಪ ತಕರಾರು ಮಾಡಿ ಎರಡು ಮೂರು ಸಲ ಸೆಲ್ಫ್ ಹೊಡೆದರೆ ಅದು ಬ್ಯಾಟರಿಗೆ ನಷ್ಟ. ಅದರ ಮೇಲೆ ಬೋಟಿನೊಳಗೆ ಸೇರಿದ ನೀರನ್ನು ಹೊರಹಾಕುವ, 2 ಆಂಪಿಯರ್ ತಿನ್ನುವ ಸಣ್ಣ ಪಂಪು, ಪ್ರವಾಸಿಗರಿಗೆ ಫೋನ್ ಚಾರ್ಜರ್, ಹಾಡು ಹಾಕಲು ಒಂದು ಸ್ಪೀಕರ್. ಸಂಜೆಗೆ ಬ್ಯಾಟರಿ ಡೌನ್ ಆಗದೆ ಇನ್ನೇನಾಗುತ್ತದೆ? ಇಲ್ಲಿ ಕೆಟ್ಟಿರುವುದು ಏನೂ ಇಲ್ಲ, ಖರ್ಚು ಜಾಸ್ತಿ ಅಷ್ಟೇ. ಪೂರ್ತಿ ಡೌನ್ ಆದ ಬ್ಯಾಟರಿಯನ್ನು ಎಂಜಿನ್ನೇ ತುಂಬಲಿ ಅಂತ ಬಿಡುವುದೂ ತಪ್ಪು. 40 ಆಂಪಿಯರ್ ಅವರ್ ಬ್ಯಾಟರಿ ಅರ್ಧ ಖಾಲಿಯಾಗಿದ್ದರೆ 5 ಆಂಪಿಯರ್‌ನಲ್ಲಿ 4 ಗಂಟೆಗೂ ಮೇಲೆ ಓಡಿಸಬೇಕು. ಅಷ್ಟು ಹೊತ್ತು ಕಾಯಿಲ್ ಮತ್ತು ರೆಕ್ಟಿಫೈಯರ್ ಪೂರ್ತಿ ಹೊರೆ ಹೊತ್ತು ಬಿಸಿಯಾಗುತ್ತವೆ. ಆ ಕೆಲಸ ಮನೆಯ ಚಾರ್ಜರ್‌ನದು.

ಖರ್ಚಿನ ಲೆಕ್ಕ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ಈಗ ಮೀಟರ್ ತೆಗೆಯಿರಿ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು.

ಮೊದಲು ಬ್ಯಾಟರಿ ಒಂದನ್ನೇ ನೋಡಿ. ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಬೇಕು. 12.6 ಅಥವಾ 12.7 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12.0 ಅಂದರೆ ಕಾಲು ಭಾಗ ಉಳಿದಿರಬಹುದು. ಆದರೆ ಈ ಒಂದು ಅಂಕಿಯನ್ನೇ ನಂಬಿ ಬ್ಯಾಟರಿಗೆ ಸರ್ಟಿಫಿಕೇಟ್ ಕೊಡಬೇಡಿ. ಸತ್ತ ಬ್ಯಾಟರಿಯೂ ಹೊರೆ ಇಲ್ಲದಾಗ 12.6 ತೋರಿಸಬಹುದು. ಸೆಲ್ಫ್ ಹೊಡೆಯುವಾಗ ಟರ್ಮಿನಲ್‌ನಲ್ಲಿ ಎಷ್ಟಿದೆ ನೋಡಿ. 10ರ ಆಸುಪಾಸಿನಲ್ಲಿ ನಿಂತರೆ ಪರವಾಗಿಲ್ಲ. 8ಕ್ಕೆ ಕುಸಿದರೆ ಬ್ಯಾಟರಿಯೇ ಅಪರಾಧಿ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ಚೆನ್ನಾಗಿ ನಿಜ ಹೇಳುತ್ತದೆ. ತುಂಬಿದ ಸೆಲ್ 1.265 ಹತ್ತಿರ ತೋರಿಸುತ್ತದೆ. ಐದು ಸೆಲ್ ಸರಿಯಿದ್ದು ಒಂದು ಮಾತ್ರ 0.05ರಷ್ಟು ಕೆಳಗಿದ್ದರೆ ಆ ಬ್ಯಾಟರಿಯನ್ನು ಯಾವ ಕಾಯಿಲೂ ಬದುಕಿಸಲಾರದು.

ಮುಂದಿನದು ಎಂಜಿನ್ ಓಡುವಾಗಿನ ಅಳತೆ. ಅದಕ್ಕೂ ಮೊದಲು ಕೆಲವು ಎಚ್ಚರಿಕೆ, ಇವು ಬಾಯಿಮಾತಿಗೆ ಹೇಳುವಂಥವಲ್ಲ. ನೀರಿಲ್ಲದೆ ಔಟ್‌ಬೋರ್ಡ್ ಓಡಿಸಬೇಡಿ. ತಣ್ಣಗಿಡುವ ಪಂಪಿನ ರಬ್ಬರ್ ಇಂಪೆಲ್ಲರ್ ಒಣಗಿ ತಿರುಗಿದರೆ ಬೇಗ ಹರಿದುಹೋಗುತ್ತದೆ. ಬೋಟನ್ನು ದಡಕ್ಕೆ ಭದ್ರವಾಗಿ ಕಟ್ಟಿ ಓಡಿಸಿ, ಇಲ್ಲವೇ ಪ್ರೊಪೆಲ್ಲರ್ ಬಿಚ್ಚಿ ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಓಡಿಸಿ. ಮೇಲಿನ ಕವರ್ ತೆಗೆದಾಗ ಫ್ಲೈವೀಲ್ ಬಯಲಲ್ಲೇ ತಿರುಗುತ್ತಿರುತ್ತದೆ. ನಮ್ಮ ಚಳಿಗೆ ಹಾಕಿಕೊಂಡ ಮಫ್ಲರ್, ಜರ್ಕಿನ್ನಿನ ನೇತಾಡುವ ದಾರ ಎಲ್ಲ ಪಕ್ಕಕ್ಕಿಡಿ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ಬೀಡಿ, ಕಿಡಿ ಎರಡೂ ಬೇಡ.

ಇನ್ನೊಂದು ಮಾತನ್ನು ಜೀಪಿನವರಿಗೇ ಹೇಳಬೇಕು. ಹಳೆಯ ಡೈನಮೋ ಕಾಲದಲ್ಲಿ ಗಾಡಿ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಒಂದು ಪರೀಕ್ಷೆ ಇತ್ತು. ಇಲ್ಲಿ ಅದನ್ನು ಮಾಡಲೇಬಾರದು. ಬ್ಯಾಟರಿ ಸಂಪರ್ಕ ತಪ್ಪಿದ ಕ್ಷಣ ವೋಲ್ಟೇಜ್ ಮೇಲಕ್ಕೆ ಹಾರುತ್ತದೆ, ರೆಕ್ಟಿಫೈಯರ್ ಸುಟ್ಟುಹೋಗಬಹುದು. ಪ್ಲಸ್ ಮೈನಸ್ ತಿರುವುಮುರುವಾಗಿ ಒಂದು ಸಲ ತಾಗಿಸಿದರೂ ಡಯೋಡ್ ಹೋಯಿತು ಅಂತಲೇ ಲೆಕ್ಕ. ಸಡಿಲ ಟರ್ಮಿನಲ್ ಕೂಡ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ನದಿಯ ಅಲೆಗೆ ಬೋಟ್ ಕುಲುಕಿದಾಗಲೆಲ್ಲ ಸಂಪರ್ಕ ತಪ್ಪಿ ಕೂಡುತ್ತಿರುತ್ತದೆ. ಬೋಟಿನ ಬ್ಯಾಟರಿಗೆ ರೆಕ್ಕೆ ನಟ್ ಹಾಕಿದ್ದರೆ ತೆಗೆದು ಸ್ಪ್ಯಾನರ್‌ನಲ್ಲಿ ಬಿಗಿಯುವ ನಟ್ ಹಾಕಿ.

ಈಗ ಎಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. ಸ್ಲೋನಲ್ಲಿ 12.6 ಅಥವಾ 12.8 ಕಂಡರೆ ಗಾಬರಿ ಬೇಡ. ಇದು ಜೀಪಲ್ಲ. ದಡಕ್ಕೆ ಕಟ್ಟಿದ ಬೋಟಿನಲ್ಲಿ ಥ್ರಾಟಲ್ ನಿಧಾನಕ್ಕೆ ಏರಿಸಿ, 2500ರಿಂದ 3000 ಆರ್‌ಪಿಎಂಗೆ ತನ್ನಿ. 13.5ರಿಂದ 14.5ರ ಒಳಗೆ ಬಂದು ನಿಂತರೆ ಸರ್ಕ್ಯೂಟ್ ಸರಿಯಿದೆ. ಬ್ಯಾಟರಿ ಬಹಳ ಖಾಲಿಯಿದ್ದರೆ ಅಷ್ಟು ಬೇಗ ಏರುವುದಿಲ್ಲ. ಆಗ ಅಂಕಿ ಮೆಲ್ಲಗೆ ಮೇಲಕ್ಕೆ ಹೋಗುತ್ತಿದೆಯಾ ಅಂತ ನೋಡಬೇಕು. ಥ್ರಾಟಲ್ ಏರಿಸಿದರೂ ಒಂದು ಚೂರೂ ಅಲುಗದೆ ಅಲ್ಲೇ ಇದ್ದರೆ, ಅಥವಾ ಇನ್ನೂ ಇಳಿಯುತ್ತಿದ್ದರೆ, ಚಾರ್ಜ್ ಬರುತ್ತಿಲ್ಲ. 13ರ ಹತ್ತಿರ ಬಂದು ಮೇಲೇಳದೆ ಒದ್ದಾಡುವುದೂ ಉಂಟು. ಅದನ್ನು ನೆನಪಿಟ್ಟುಕೊಳ್ಳಿ, ಡಯೋಡಿನ ಮಾತಿಗೆ ಬಂದಾಗ ಬೇಕಾಗುತ್ತದೆ.

ಚಾರ್ಜ್ ಬರುತ್ತಿಲ್ಲ ಅಂದಕೂಡಲೇ ಕಾಯಿಲ್‌ಗೆ ಹಾರಬೇಡಿ. ಕಾಫಿ ಹೂವಿಗೆ ನೀರು ಹಾಯಿಸುವಾಗ ಕೊನೆಯ ಜೆಟ್ ತಿರುಗದಿದ್ದರೆ ಯಾರೂ ಮೊದಲು ಪಂಪು ಬಿಚ್ಚುವುದಿಲ್ಲ, ಪೈಪಿನ ಜಾಯಿಂಟ್ ನೋಡಿಕೊಂಡು ಬರುತ್ತಾರೆ ಅಲ್ವಾ. ಇಲ್ಲಿಯೂ ಅಷ್ಟೇ. ಥ್ರಾಟಲ್ ಏರಿಸಿಟ್ಟು ಮೀಟರಿನ ಒಂದು ಕಡ್ಡಿಯನ್ನು ರೆಕ್ಟಿಫೈಯರ್‌ನಿಂದ ಹೊರಡುವ ಕೆಂಪು ವೈರಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೆ ಹಿಡಿಯಿರಿ. ಎರಡೂ ಒಂದೇ ವೈರಿನ ಎರಡು ತುದಿ, ಆದ್ದರಿಂದ ಮೀಟರ್ 0.2 ಅಥವಾ 0.3 ವೋಲ್ಟ್‌ಗಿಂತ ಜಾಸ್ತಿ ತೋರಿಸಬಾರದು. 1 ವೋಲ್ಟ್ ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತಡೆ ಇದೆ. ಪೂರ್ತಿ ವೋಲ್ಟೇಜೇ ಅಲ್ಲಿ ಕಂಡರೆ ದಾರಿ ತುಂಡಾಗಿದೆ, ಮೊದಲ ಅನುಮಾನ ಫ್ಯೂಸ್. ಫ್ಯೂಸನ್ನು ಕಣ್ಣಲ್ಲಿ ನೋಡಿ ಸರಿಯಿದೆ ಅನ್ನಬೇಡಿ, ಕೂದಲೆಳೆಯ ಬಿರುಕು ಕಾಣುವುದಿಲ್ಲ. ತೆಗೆದು ಮೀಟರಿನಲ್ಲಿ ನೋಡಿ. ಅದೇ ರೀತಿ ಮೈನಸ್ ಕಡೆಗೂ ಅಳೆಯಿರಿ, ರೆಕ್ಟಿಫೈಯರ್ ಮೈಯಿಂದ ಬ್ಯಾಟರಿಯ ಮೈನಸ್‌ವರೆಗೆ. ಹಲವು ಎಂಜಿನ್‌ಗಳಲ್ಲಿ ಆ ಡಬ್ಬಿಯ ಮೈಯೇ ಅರ್ತ್, ಅದನ್ನು ಹಿಡಿದಿರುವ ಬೋಲ್ಟ್‌ನಲ್ಲೇ ಕರೆಂಟ್ ಹೋಗಬೇಕು. ಬೋಲ್ಟ್ ತುಕ್ಕು ಹಿಡಿದರೆ ಎಷ್ಟು ಹೊಸ ರೆಕ್ಟಿಫೈಯರ್ ಹಾಕಿದರೂ ಕೆಲಸ ಆಗುವುದಿಲ್ಲ.

ನನಗೆ ಕೇಳಿದರೆ ಕೊಡಗಿನಲ್ಲಿ ಈ ಹಂತವನ್ನು ಎಷ್ಟು ತಾಳ್ಮೆಯಿಂದ ಮಾಡಿದರೂ ಜಾಸ್ತಿಯಲ್ಲ. ನಮ್ಮದು ಸಿಹಿನೀರು, ಮಂಗಳೂರಿನ ಉಪ್ಪುನೀರಿನಷ್ಟು ಕಾಟ ಇಲ್ಲ, ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣಗುವುದು ಅಂತ ಇರುವುದಿಲ್ಲ. ತಾಮ್ರದ ಬುಲೆಟ್ ಕನೆಕ್ಟರ್ ಒಳಗೆ ಹಸಿರು ಕಿಲುಬು ಕೂರುತ್ತದೆ. ಹೊರಗಿನ ರಬ್ಬರ್ ತೋಳು ಚೆನ್ನಾಗೇ ಕಾಣುತ್ತಿರುತ್ತದೆ. ಎಳೆದು ಬಿಚ್ಚಿ, ಉಜ್ಜಿ, ತೆಳ್ಳಗೆ ಡೈ ಎಲೆಕ್ಟ್ರಿಕ್ ಗ್ರೀಸ್ ಹಚ್ಚಿ ಕೂಡಿಸಿ. ವೈರಿನ ಸಿಪ್ಪೆಯ ಒಳಗೇ ಕಿಲುಬು ಹತ್ತಿ ತಾಮ್ರ ಕಪ್ಪಾಗಿದ್ದರೆ ಕತ್ತರಿಸಿ ಹೊಸ ವೈರ್ ಹಾಕುವುದೇ ಸರಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಇಲಿ ಕವರಿನೊಳಗೆ ಗೂಡು ಮಾಡಿ ವೈರ್ ಕಡಿದಿದೆಯಾ ಅಂತಲೂ ನೋಡಿಬಿಡಿ.

ದಾರಿ ಸರಿಯಿದ್ದೂ ಚಾರ್ಜ್ ಇಲ್ಲ ಅಂದಾಗ ಮಾತ್ರ ಕಾಯಿಲ್. ಎಂಜಿನ್ ಆಫ್ ಮಾಡಿ, ಕಾಯಿಲ್‌ನಿಂದ ರೆಕ್ಟಿಫೈಯರ್‌ಗೆ ಬರುವ ಎರಡು ವೈರುಗಳನ್ನು ಬಿಚ್ಚಿ. ಹಲವು ಕಂಪನಿಗಳಲ್ಲಿ ಇವು ಹಳದಿ, ಯಮಹಾದಲ್ಲಿ ಸಾಮಾನ್ಯವಾಗಿ ಹಸಿರು. ಮೀಟರನ್ನು ಓಮ್‌ಗೆ ಹಾಕಿ, ಮೊದಲು ಎರಡು ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿ ನೋಡಿ. 0.2 ಅಥವಾ 0.3 ತೋರಿಸಿದರೆ ಅದು ಮೀಟರಿನದೇ ಪಾಲು, ಕಳೆಯಬೇಕು. ಕಾಯಿಲಿನ ರೆಸಿಸ್ಟೆನ್ಸ್ ಬಹಳ ಕಡಿಮೆ, ಸಾಮಾನ್ಯವಾಗಿ 1 ಓಮ್ ಆಸುಪಾಸು ಅಥವಾ ಅದಕ್ಕೂ ಕೆಳಗೆ. ಆದ್ದರಿಂದ ಈ ಕಳೆಯುವ ಲೆಕ್ಕ ಬಿಟ್ಟರೆ ಸರಿಯಾದ ಕಾಯಿಲೂ ಕೆಟ್ಟಂತೆ ಕಾಣುತ್ತದೆ. ನಿಮ್ಮ ಎಂಜಿನ್‌ಗೆ ಎಷ್ಟಿರಬೇಕು ಅನ್ನುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಒಂದು ಕಡ್ಡಿ ಕಾಯಿಲ್ ವೈರಿಗೆ, ಇನ್ನೊಂದು ಎಂಜಿನ್ ಮೈಗೆ ಹಿಡಿದಾಗ ಸಂಪರ್ಕ ಸಿಕ್ಕರೆ ಕಾಯಿಲ್ ಮೈಗೆ ಶಾರ್ಟ್ ಆಗಿದೆ. ಕೆಲವು ಹಳೆಯ ಮಾದರಿಗಳಲ್ಲಿ ಕಾಯಿಲಿನ ಒಂದು ತುದಿಯನ್ನು ಬೇಕೆಂದೇ ಅರ್ತ್ ಮಾಡಿರುತ್ತಾರೆ, ಅಲ್ಲಿ ಈ ಮಾತು ಹೊಂದುವುದಿಲ್ಲ.

ಓಮ್ ಪರೀಕ್ಷೆ ಪಾಸಾದರೂ ಮುಗಿಯಲಿಲ್ಲ. ಒಂದೆರಡು ಸುತ್ತು ಒಳಗೊಳಗೇ ಶಾರ್ಟ್ ಆದರೆ ಓಮ್‌ನಲ್ಲಿ ಗೊತ್ತೇ ಆಗುವುದಿಲ್ಲ. ಹಾಗಾಗಿ ಆ ಎರಡು ವೈರುಗಳನ್ನು ಬಿಚ್ಚಿಟ್ಟೇ, ಎಲ್ಲಿಗೂ ತಾಗದಂತೆ ಹಿಡಿದು, ಎಂಜಿನ್ ಓಡಿಸಿ ಎಸಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿ ತನ್ನ ಜಾಗದಲ್ಲೇ ಇರಲಿ. ಥ್ರಾಟಲ್ ಜೊತೆಗೆ ಅಂಕಿ ಸಲೀಸಾಗಿ ಏರಬೇಕು. ಹೊರೆ ಇಲ್ಲದ ಕಾಯಿಲ್ ವೇಗ ಏರಿದಂತೆ ಹತ್ತಾರು ವೋಲ್ಟ್ ಕೊಡುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಏರದೆ ಅಲ್ಲಲ್ಲೇ ನಿಂತರೆ ಆಗ ಫ್ಲೈವೀಲ್ ತೆಗೆಯಲು ಕಾರಣ ಸಿಕ್ಕಂತಾಯಿತು. ಅದನ್ನು ದಡದ ಮೇಲೆ ಮಾಡಿ, ಪುಲ್ಲರ್‌ನಿಂದ ಮಾಡಿ. ಸುತ್ತಿಗೆಯಲ್ಲಿ ಹೊಡೆದು ತೆಗೆದವರು ಮ್ಯಾಗ್ನೆಟ್ ಒಡೆದುಕೊಂಡಿದ್ದಾರೆ. ಆರ್‌ಪಿಎಂ ಮೀಟರ್ ಇರುವ ಬೋಟಿನಲ್ಲಿ ಇನ್ನೊಂದು ಸುಳಿವು ಇದೆ. ಹಲವು ಎಂಜಿನ್‌ಗಳಲ್ಲಿ ಆ ಮೀಟರ್ ಎಣಿಸುವುದು ಇದೇ ಚಾರ್ಜಿಂಗ್ ಕಾಯಿಲಿನ ಎಸಿ ಅಲೆಗಳನ್ನು. ಮುಳ್ಳು ಸತ್ತ ದಿನವೇ ಚಾರ್ಜಿಂಗ್ ಸತ್ತಿದ್ದರೆ ಅನುಮಾನ ಕಾಯಿಲ್ ಅಥವಾ ರೆಕ್ಟಿಫೈಯರ್ ಕಡೆಗೇ ಹೋಗಬೇಕು, ಬ್ಯಾಟರಿ ಕಡೆಗಲ್ಲ.

ರೆಕ್ಟಿಫೈಯರ್ ಪರೀಕ್ಷೆ ಸುಲಭ. ಎಂಜಿನ್ ಆಫ್, ಬ್ಯಾಟರಿ ಬಿಚ್ಚಿ, ಡಬ್ಬಿಯ ಎಲ್ಲ ವೈರುಗಳನ್ನೂ ಬಿಚ್ಚಿ. ಮೀಟರನ್ನು ಡಯೋಡ್ ಗುರುತಿಗೆ ಹಾಕಿ. ಒಂದೊಂದು ಎಸಿ ವೈರಿನಿಂದ ಕೆಂಪು ವೈರಿಗೆ, ಆಮೇಲೆ ಒಂದೊಂದು ಎಸಿ ವೈರಿನಿಂದ ಡಬ್ಬಿಯ ಮೈಗೆ, ಕಡ್ಡಿಗಳನ್ನು ಅದಲುಬದಲು ಮಾಡಿ ಅಳೆಯಿರಿ. ಪ್ರತಿ ಜೋಡಿಯೂ ಒಂದು ದಿಕ್ಕಿನಲ್ಲಿ 0.4ರಿಂದ 0.7 ತೋರಿಸಬೇಕು, ಇನ್ನೊಂದು ದಿಕ್ಕಿನಲ್ಲಿ ಏನೂ ತೋರಿಸಬಾರದು. ಎರಡೂ ಕಡೆ ತೋರಿಸಿದರೆ ಶಾರ್ಟ್, ಎರಡೂ ಕಡೆ ಇಲ್ಲದಿದ್ದರೆ ಆ ಡಯೋಡ್ ತೆರೆದುಹೋಗಿದೆ. ನಾಲ್ಕರಲ್ಲಿ ಒಂದು ತೆರೆದುಹೋದರೆ ಅರ್ಧ ಅಲೆ ಮಾತ್ರ ಬ್ಯಾಟರಿಗೆ ಸೇರುತ್ತದೆ. 13ರ ಹತ್ತಿರ ಒದ್ದಾಡುವ ಎಂಜಿನ್‌ಗೆ ಇದು ಒಂದು ಕಾರಣ. ರೆಗ್ಯುಲೇಟರ್ ಸೇರಿರುವ ಯುನಿಟ್‌ನಲ್ಲಿ ಒಳಗೆ ಬೇರೆ ಪಾರ್ಟ್‌ಗಳೂ ಇರುವುದರಿಂದ ಈ ಅಂಕಿಗಳು ಅಷ್ಟು ಸ್ವಚ್ಛವಾಗಿ ಬರುವುದಿಲ್ಲ. ಅಲ್ಲಿ ಕಾಯಿಲ್ ಸರಿ, ವೈರ್ ಸರಿ, ಬ್ಯಾಟರಿ ಸರಿ ಅಂತ ಖಾತ್ರಿ ಮಾಡಿಕೊಂಡ ಮೇಲೆ ಉಳಿದದ್ದು ಅದೇ ಅಂತ ತೀರ್ಮಾನಿಸುವುದು ಹೆಚ್ಚು ನಂಬಿಕೆಯ ದಾರಿ.

ಚಾರ್ಜ್ ಜಾಸ್ತಿ ಆಗುವುದೂ ದೋಷವೇ. ಟರ್ಮಿನಲ್‌ನಲ್ಲಿ 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ. ಬ್ಯಾಟರಿ ನೀರು ಬೇಗ ಬೇಗ ಇಳಿಯುವುದು, ಕೊಳೆತ ಮೊಟ್ಟೆಯ ವಾಸನೆ, ಬಲ್ಬು ಪದೇ ಪದೇ ಸುಡುವುದು ಇದರ ಲಕ್ಷಣ. ರೆಗ್ಯುಲೇಟರ್ ಇಲ್ಲದ ಹಳೆಯ ಎಂಜಿನ್‌ನಲ್ಲಿ ತುಂಬಿದ ಬ್ಯಾಟರಿ ಇಟ್ಟುಕೊಂಡು ದೂರ ಓಡಿಸಿದರೆ ಏನೂ ಕೆಡದೆಯೂ ವೋಲ್ಟೇಜ್ ಹೀಗೆ ಏರುತ್ತದೆ. ಅಲ್ಲಿಗೆ ಡಿಸ್ಟಿಲ್ಡ್ ವಾಟರ್ ಹಾಕುವ ಮಾಮೂಲಿ ಬ್ಯಾಟರಿಯೇ ಒಳ್ಳೆಯದು. ಮುಚ್ಚಿದ ಬ್ಯಾಟರಿ ಒಣಗಿಹೋಗುತ್ತದೆ. ಲಿಥಿಯಂ ಅಂತೂ ಬೇಡವೇ ಬೇಡ. ಅದರ ಒಳಗಿನ ರಕ್ಷಣೆಯ ಸರ್ಕ್ಯೂಟ್ ತಾನಾಗಿ ಕಡಿತಗೊಂಡರೆ ಓಡುವ ಎಂಜಿನ್‌ನಿಂದ ಬ್ಯಾಟರಿ ಕಿತ್ತಂತೆಯೇ ಆಗುತ್ತದೆ.

ಚಾರ್ಜಿಂಗ್ ಎಲ್ಲ ಸರಿಯಿದ್ದೂ ನಿಂತಲ್ಲೇ ಬ್ಯಾಟರಿ ಇಳಿಯುವುದು ಕೊನೆಯ ಸಂಗತಿ. ಎಲ್ಲ ಸ್ವಿಚ್ ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಬ್ಯಾಟರಿಯ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸೇರಿಸಿ. ಮೀಟರ್ ಸೇರಿಸಿಕೊಂಡು ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಕೆಲವು ಮಿಲಿ ಆಂಪಿಯರ್ ಕಂಡರೆ ಬಿಡಿ. ಅದಕ್ಕಿಂತ ಜಾಸ್ತಿ ಹೋಗುತ್ತಿದ್ದರೆ ರೆಕ್ಟಿಫೈಯರ್‌ನ ಕೆಂಪು ವೈರ್ ಬಿಚ್ಚಿ ನೋಡಿ. ಇಳಿದರೆ ಡಯೋಡ್ ಹಿಂದಕ್ಕೆ ಸೋರುತ್ತಿದೆ. ಇಳಿಯದಿದ್ದರೆ ಪಂಪಿನ ಆಟೋ ಸ್ವಿಚ್, ಸ್ಪೀಕರ್, ಫೋನ್ ಸಾಕೆಟ್ ಒಂದೊಂದಾಗಿ ಬಿಚ್ಚಿ. ಮಳೆಗಾಲದಲ್ಲಿ ದಡಕ್ಕೆ ಕಟ್ಟಿದ ಬೋಟಿನಲ್ಲಿ ಆ ಪಂಪು ರಾತ್ರಿಯಿಡೀ ಆಗಾಗ ಓಡುತ್ತಲೇ ಇರುತ್ತದೆ. ಅದು ಸೋರಿಕೆ ಅಲ್ಲ, ತನ್ನ ಕೆಲಸ ಮಾಡುತ್ತಿದೆ.

ಪ್ರವಾಹಕ್ಕೆಂದು ಇಟ್ಟ ಬೋಟ್‌ಗಳ ಕಥೆ ಇನ್ನೂ ಬೇರೆ. 2018ರ ಆಗಸ್ಟ್‌ನಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದಾಗ ಜನರನ್ನು ಬೋಟಿನಲ್ಲಿ ಕರೆತರಬೇಕಾಯಿತು. ಅಂಥ ದಿನ ಬರುವವರೆಗೂ ಎಂಜಿನ್ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ಇರುತ್ತದೆ. ಸುಮ್ನೆ ಇಟ್ಟ ಲೆಡ್ ಆಸಿಡ್ ಬ್ಯಾಟರಿ ತಾನಾಗಿಯೇ ತಿಂಗಳಿಗೆ 3ರಿಂದ 5 ಶೇಕಡ ಇಳಿಯುತ್ತದೆ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಪೂರ್ತಿ ತುಂಬುವುದಿಲ್ಲ. ಬೋಟಿನಿಂದ ಬಿಚ್ಚಿ ಒಳಗಿಡಿ, ತಿಂಗಳಿಗೊಮ್ಮೆ ಮನೆಯ ಚಾರ್ಜರ್ ಹಾಕಿ. ಮೇ ಕೊನೆಯಲ್ಲಿ ಒಂದು ದಿನ ಬೋಟನ್ನು ನೀರಿಗಿಳಿಸಿ ಕಟ್ಟಿ, ಸೆಲ್ಫ್ ಹೊಡೆಯುವಾಗ ಎಷ್ಟು, ಸ್ಲೋನಲ್ಲಿ ಎಷ್ಟು, 3000 ಆರ್‌ಪಿಎಂನಲ್ಲಿ ಎಷ್ಟು ವೋಲ್ಟ್ ಅಂತ ಅಳೆಯಿರಿ. ಆ ಮೂರು ಅಂಕಿಗಳನ್ನು ತಾರೀಖಿನ ಜೊತೆ ಎಂಜಿನ್ ಕವರಿನ ಒಳಬದಿಯಲ್ಲಿ ಪೇಂಟ್ ಮಾರ್ಕರ್‌ನಲ್ಲಿ ಬರೆದಿಡಿ. ಮುಂದೆ ಕವರ್ ಬಿಚ್ಚುವ ಎಲೆಕ್ಟ್ರಿಷಿಯನ್‌ಗೆ ಅಳತೆ ಹೋಲಿಸಲು ಅದು ಸಿಗುತ್ತದೆ.